ದತ್ತು ಮಗುವನ್ನು ನೆಂಟರಿಷ್ಟರಿಗೆ ಪರಿಚಯಿಸುವಾಗ

ಮಗು ಮನೆಗೆ ಬಂದ ವಾರವೇ ನೂರು ಜನರನ್ನು ಕರೆದು ನಾಮಕರಣ ಮಾಡುವ ಆಸೆ ಹಿರಿಯರಿಗೆ ಇರುತ್ತದೆ. ಮುಂದೂಡಿ. ಎರಡರಿಂದ ಐದು ವರ್ಷದ ಮಗುವಾದರಂತೂ ಖಂಡಿತ ಮುಂದೂಡಿ.

ಕಾರಣವಿದೆ. ದತ್ತು ಸಂಸ್ಥೆಯಲ್ಲಿ ಆಯಾಗಳು ಪಾಳಿಯ ಮೇಲೆ ಬದಲಾಗುತ್ತಾರೆ. ಅಲ್ಲಿ ಬೆಳೆದ ಮಗು ಎಷ್ಟೋ ಸಲ ಕಂಡ ಹೆಂಗಸರನ್ನೆಲ್ಲ ‘ಅಮ್ಮ’ ಎನ್ನುತ್ತದೆ, ಯಾರು ಕೈಚಾಚಿದರೂ ಹೋಗುತ್ತದೆ. ‘ಎಷ್ಟು ಬೇಗ ಹೊಂದಿಕೊಂಡುಬಿಟ್ಟಿತು!’ ಎಂದು ನೆಂಟರು ಹಿಗ್ಗುತ್ತಾರೆ. ನಿಜಕ್ಕೂ ತನ್ನವರು ಯಾರೆಂದು ಅದಕ್ಕಿನ್ನೂ ಗೊತ್ತಾಗಿಲ್ಲ. ಹತ್ತು ಜನ ತುತ್ತು ಕೊಟ್ಟಷ್ಟೂ ಅದು ಗೊತ್ತಾಗುವುದು ತಡವಾಗುತ್ತದೆ. ಹಾಗಾಗಿ ಮೊದಲ ನಾಲ್ಕೈದು ವಾರ ಉಣಿಸುವುದು, ಸ್ನಾನ, ಮಲಗಿಸುವುದು, ಬಿದ್ದಾಗ ಎತ್ತಿಕೊಳ್ಳುವುದು ಅಪ್ಪ ಅಮ್ಮನ ಕೈಯಲ್ಲೇ ಇರಲಿ.

ಇದನ್ನು ಅಜ್ಜಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟ. ಮೊಮ್ಮಗುವಿಗೆ ಎಣ್ಣೆ ನೀರು ಹಾಕುವುದು ಅವರ ಹಕ್ಕು, ತಲೆಮಾರಿನಿಂದ ಬಂದದ್ದು. ಮಗು ಬರುವ ಮೊದಲೇ ಮಾತಾಡಿ: ‘ಅಮ್ಮಾ, ಒಂದು ತಿಂಗಳು ನಾವೇ ಹಾಕ್ತೀವಿ, ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ.’ ಮಗುವಿಗೆ ಒಗ್ಗುವ ಮೆತ್ತನೆಯ ಅನ್ನ, ತಿಳಿಸಾರು ಮಾಡುವ ಕೆಲಸವನ್ನು ಅವರಿಗೇ ಬಿಡಿ. ಕೆಲಸವಿಲ್ಲದ ಅಜ್ಜಿ ಮುನಿಸಿಕೊಳ್ಳುವುದು ಸಹಜ.

ಭೇಟಿಗೆ ಮುಂಚೆ ಹತ್ತು ಫೋಟೊಗಳ ಆಲ್ಬಂ ಮಾಡಿ. ಒಂದು ಫೋಟೊದಲ್ಲಿ ಒಂದೇ ಮುಖ. ‘ಇವರು ಸೋದರತ್ತೆ, ಇವನು ದೊಡ್ಡಪ್ಪನ ಮಗ’ ಎಂದು ರಾತ್ರಿ ಮಲಗುವಾಗ ತೋರಿಸಿ. ಮೊದಲು ಬರುವವರು ಅಜ್ಜ ಅಜ್ಜಿ. ಆಮೇಲೆ ಒಂದು ಸಲಕ್ಕೆ ಒಂದೇ ಸಂಸಾರ. ನಿಮ್ಮ ಮನೆಯಲ್ಲೇ, ಮಗು ಉಂಡು ಮಲಗಿ ಎದ್ದ ಮೇಲೆ, ಒಂದು ಗಂಟೆ ಸಾಕು. ಬಂದವರು ಚಾಪೆಯ ಮೇಲೆ ಕೂತಿರಲಿ, ಮಗುವೇ ಹತ್ತಿರ ಬರಲಿ. ಗಲ್ಲ ಹಿಂಡುವವರನ್ನು ನಯವಾಗಿ ತಡೆಯಿರಿ. ಎರಡು ಭೇಟಿಗಳ ನಡುವೆ ಎರಡು ಮೂರು ದಿನ ಬಿಡುವಿರಲಿ. ಆ ರಾತ್ರಿ ಮಗು ಬೆಚ್ಚಿ ಅತ್ತರೆ, ಊಟ ಬಿಟ್ಟರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾದರೆ ಮುಂದಿನವರಿಗೆ ‘ಇನ್ನೊಂದು ವಾರ ಬಿಟ್ಟು ಬನ್ನಿ’ ಎನ್ನಿ.

ಫೋಟೊ ಫ್ಯಾಮಿಲಿ ಗ್ರೂಪಿಗೆ ಹಾಕುವ ವಿಷಯದಲ್ಲಿ ಬಿಗಿಯಾಗಿರಿ. ಕಾರಾ (ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ) ಮೂಲಕ ಬರುವ ಮಗು ಮೊದಲು ದತ್ತುಪೂರ್ವ ಪೋಷಣೆಯಲ್ಲಿ ಮನೆಗೆ ಬರುತ್ತದೆ. ದತ್ತು ಆದೇಶ ಆಮೇಲೆ. 2022ರ ಸೆಪ್ಟೆಂಬರ್‌ನಿಂದ ಆ ಆದೇಶ ಕೊಡುವವರು ಜಿಲ್ಲಾಧಿಕಾರಿ. ಅದು ಕೈಗೆ ಬರುವವರೆಗೆ ಫೋಟೊ ಎಲ್ಲೂ ಬೇಡ. ಒಬ್ಬ ಚಿಕ್ಕಪ್ಪ ಫಾರ್ವರ್ಡ್ ಮಾಡಿದರೆ ಮುಗಿಯಿತು, ವಾಪಸ್ ಪಡೆಯಲಾಗದು.

ನಾಮಕರಣವನ್ನು ಎರಡು ಮೂರು ತಿಂಗಳ ನಂತರ ಮೂವತ್ತು ನಲವತ್ತು ಜನರೊಳಗೆ ಮುಗಿಸಿ. ಮಗುವನ್ನು ಮಡಿಲಿಂದ ಮಡಿಲಿಗೆ ದಾಟಿಸುವುದು ಬೇಡ. ಕರೆದರೆ ತಿರುಗಿ ನೋಡುವ ಹೆಸರನ್ನು ಏಕಾಏಕಿ ಕಿತ್ತುಕೊಳ್ಳಬೇಡಿ; ಹೊಸದರ ಜೊತೆ ಅದೂ ಇರಲಿ. ಗೋತ್ರ ದತ್ತು ತಂದೆಯದೇ, ಪುರೋಹಿತರಿಗೆ ಮೊದಲೇ ತಿಳಿಸಿ. ಹಸೆಮಣೆಯ ಮುಂದೆ ಅದರ ಚರ್ಚೆ ಶುರುವಾದರೆ ಇಡೀ ಬಳಗ ಬಾಯಿ ಹಾಕುತ್ತದೆ.

ದತ್ತು ಎಂಬುದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಯಾವುದೋ ಜಗಳದಲ್ಲಿ ಓರಗೆಯ ಹುಡುಗನೇ ಹೇಳಿಬಿಡುತ್ತಾನೆ. ಆದರೆ ಎಲ್ಲಿ ಸಿಕ್ಕಿತು, ಯಾರು ಯಾಕೆ ಬಿಟ್ಟರು ಎಂಬುದು ಮಗುವಿನ ಸ್ವತ್ತು. ನಿಮ್ಮ ಒಡಹುಟ್ಟಿದವರಿಗೂ ಹೇಳಬೇಕಿಲ್ಲ, ಕಾಗದಪತ್ರ ತೋರಿಸಲೂ ಬೇಕಿಲ್ಲ. ‘ನಿಜವಾದ ತಾಯಿ ಯಾರು?’ ಎಂದರೆ, ‘ಇಲ್ಲೇ ಇದ್ದೀನಲ್ಲ. ಹಿಂದಿನದನ್ನು ಅವನು ದೊಡ್ಡವನಾದಾಗ ಅವನಿಗೇ ಹೇಳ್ತೀವಿ’ ಎನ್ನಿ. ‘ಪುಣ್ಯ ಕಟ್ಟಿಕೊಂಡ್ರಿ’ ಎಂದರೆ, ‘ನಮಗೆ ಮಗು ಬೇಕಿತ್ತು, ಅಷ್ಟೇ.’ ಇಂಥ ಮಾತನ್ನು ಮಗುವಿನೆದುರು ನಗುತ್ತಲೇ ಅಲ್ಲಲ್ಲೇ ತಿದ್ದಿ. ಸುಮ್ಮನಿದ್ದರೆ ನೀವೂ ಒಪ್ಪಿದಿರೆಂದು ಅದು ತಿಳಿಯುತ್ತದೆ.

ಆಸ್ತಿಯ ಪಿಸುಮಾತು ಎದ್ದರೆ 2015ರ ಬಾಲನ್ಯಾಯ ಕಾಯ್ದೆಯ 63ನೇ ಕಲಂ ಹೇಳಿ: ಆದೇಶ ಜಾರಿಯಾದ ದಿನದಿಂದ ಅದು ನಿಮಗೇ ಹುಟ್ಟಿದ ಮಗು, ಉತ್ತರಾಧಿಕಾರಕ್ಕೂ. ಆದರೂ ಹಿರಿಯರೊಬ್ಬರು ಬಗ್ಗದಿದ್ದರೆ, ಮಗು ಮನೆಗೆ ಬಂದ ದಿನದಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ, ಅದು ಹೇಗಿದೆಯೆಂದು ನೋಡಲು ನಡೆಯುವ ಅನುಸರಣಾ ಭೇಟಿಯ ದಿನ ಅವರನ್ನೂ ಮನೆಯಲ್ಲಿ ಉಳಿಸಿಕೊಳ್ಳಿ. ನಿಮ್ಮ ಮಾತು ಕೇಳದವರು ಸಮಾಜ ಕಾರ್ಯಕರ್ತರ ಮಾತಿಗೆ ಕಿವಿಗೊಡುವುದುಂಟು.