ಕೈಯಲ್ಲಿ ಸ್ಮಾರ್ಟ್ ವಾಚ್, ಪಕ್ಕದಲ್ಲಿ ನೋಟ್‌ಬುಕ್: ಹಿರಿಯರ ನಡುಕವನ್ನು ಗಮನಿಸುವುದು ಹೇಗೆ?

ಪಾರ್ಕಿನ್ಸನ್ ಕಾಯಿಲೆಯ ಹಿರಿಯರು ನರರೋಗ ತಜ್ಞರ ಮುಂದೆ ಕೂರುವುದು ಕೆಲವು ತಿಂಗಳಿಗೊಮ್ಮೆ, ಅದೂ ಸ್ವಲ್ಪವೇ ಹೊತ್ತು. ಮೈಸೂರಿನಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದವರಿಗೆ ಪ್ರಯಾಣದ ದಣಿವು ಬೇರೆ. ಉಳಿದ ದಿನಗಳಲ್ಲಿ ಮನೆಯಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಸ್ಮಾರ್ಟ್ ವಾಚ್ ನೆರವಾಗುತ್ತದೆ. ಆದರೆ ಅದರ ಜೊತೆಗೆ ಒಂದು ನೋಟ್‌ಬುಕ್ ಇಡದಿದ್ದರೆ ವಾಚಿಗೆ ಕೊಟ್ಟ ದುಡ್ಡು ದಂಡ.

ಮೊದಲು, ಕಾಯಿಲೆ ಯಾವುದೆಂದು ವೈದ್ಯರಿಂದಲೇ ಖಚಿತಪಡಿಸಿಕೊಳ್ಳಿ. ಪಾರ್ಕಿನ್ಸನ್ ನಡುಕ ಹೆಚ್ಚಾಗಿ ಕಾಣುವುದು ಕೈ ಸುಮ್ಮನೆ ತೊಡೆಯ ಮೇಲಿರುವಾಗ, ಸೆಕೆಂಡಿಗೆ 4ರಿಂದ 6 ಬಾರಿ. ಲೋಟ ಎತ್ತಿದಾಗಷ್ಟೇ ಕೈ ನಡುಗುತ್ತಿದ್ದರೆ ಕಾರಣ ಬೇರೆ ಇರಬಹುದು. ವಾಚಿನೊಳಗಿನ ಆಕ್ಸೆಲೆರೋಮೀಟರ್ ಮತ್ತು ಗೈರೊಸ್ಕೋಪ್ ಎಂಬ ಸಂವೇದಕಗಳು ಅಲುಗಾಟವನ್ನು ಅಳೆಯುತ್ತವೆ, ರೋಗವನ್ನು ಗುರುತಿಸುವುದಿಲ್ಲ.

ಕೊಳ್ಳುವಾಗ ಬಣ್ಣ, ಬ್ರ್ಯಾಂಡ್ ನೋಡಬೇಡಿ. ಬಿಗಿದ ಬೆರಳುಗಳಿಗೂ ಒಗ್ಗುವ ವೆಲ್ಕ್ರೋ ಪಟ್ಟಿ, ಬಿದ್ದರೆ ಮನೆಯವರ ಮೊಬೈಲ್‌ಗೆ ಸುದ್ದಿ ಮುಟ್ಟಿಸುವ ಸೌಲಭ್ಯ ಇವೆಯೇ ನೋಡಿ. ಎಲ್ಲ ವಾಚುಗಳೂ ನಡುಕವನ್ನು ಅಳೆಯುವುದಿಲ್ಲ. ಹೆಜ್ಜೆ ಮತ್ತು ನಿದ್ರೆಯ ಲೆಕ್ಕ ಸಿಕ್ಕರೂ ಉಪಯೋಗವಿದೆ. ಯಾವ ಕೈಗೆ ಕಟ್ಟಬೇಕೆಂದು ವೈದ್ಯರನ್ನು ಕೇಳಿ, ಆಮೇಲೆ ಕೈ ಬದಲಿಸಬೇಡಿ. ಚಾರ್ಜಿಗೆ ಹಾಕುವುದು ಸ್ನಾನ, ತಿಂಡಿಯ ಹೊತ್ತಿನಲ್ಲಿರಲಿ. ರಾತ್ರಿ ಬಚ್ಚಲಿಗೆ ಏಳುವಾಗ ಬೀಳುವ ಭಯ ಹೆಚ್ಚು, ಆಗ ವಾಚ್ ಕೈಯಲ್ಲಿರಬೇಕು. ಮೆಲ್ಲಗೆ ಗೋಡೆಗೆ ಜಾರಿ ಕುಸಿದರೆ ಅದು ಪತ್ತೆಹಚ್ಚದೇ ಇರಬಹುದು. ಆದ್ದರಿಂದ ಬಚ್ಚಲಿನ ದೀಪ, ಗೋಡೆಯ ಹಿಡಿ ಬೇಕೇ ಬೇಕು.

ಮೊದಲ ಎರಡು ವಾರ ಅಂಕಿಗಳನ್ನು ನೋಡಿ ಗಾಬರಿಯಾಗಬೇಡಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವ ನೆರೆಯವರ ಹೆಜ್ಜೆಗಳೊಂದಿಗೆ ಹೋಲಿಸುವುದಂತೂ ಅನ್ಯಾಯ. ಕಾಲೆಳೆದು ನಡೆಯುವವರ, ವಾಕರ್ ಹಿಡಿದವರ ಹೆಜ್ಜೆಗಳನ್ನು ವಾಚ್ ಎಷ್ಟೋ ಸಲ ಎಣಿಸುವುದೇ ಇಲ್ಲ. ಅಮ್ಮನ ಈ ವಾರವನ್ನು ಅಮ್ಮನ ಹಿಂದಿನ ವಾರದೊಂದಿಗಷ್ಟೇ ಹೋಲಿಸಿ. ಕಾಯಿ ತುರಿಯುವುದು, ಜಪಸರ ಎಣಿಸುವುದು, ಬಸ್ಸಿನ ಕುಲುಕಾಟ ಇವೆಲ್ಲ ಲೆಕ್ಕವನ್ನು ಕೆಡಿಸಬಲ್ಲವು.

ಇನ್ನು ನೋಟ್‌ಬುಕ್. ಪಾರ್ಕಿನ್ಸನ್‌ಗೆ ಕೊಡುವ ಲೀವೊಡೋಪ ಮಾತ್ರೆ ತೆಗೆದುಕೊಳ್ಳುವವರಲ್ಲಿ ವರ್ಷಗಳು ಕಳೆದಂತೆ ಒಂದು ಮಾತ್ರೆಯ ಪ್ರಭಾವ ಮುಂದಿನ ಮಾತ್ರೆಯ ತನಕ ಉಳಿಯದಿರಬಹುದು. ಅದನ್ನು ಹಿಡಿಯಲು ಹೀಗೆ ಬರೆಯಿರಿ:

7.00 – ಮಾತ್ರೆ.
7.50 – ಕಾಫಿ ಲೋಟ ತಾವೇ ಹಿಡಿದರು, ಚೆಲ್ಲಲಿಲ್ಲ.
10.20 – ಅಂಗಿಯ ಗುಂಡಿ ಹಾಕಲಾಗಲಿಲ್ಲ.
11.00 – ಮಾತ್ರೆ.

ವಾಚಿನ ನಕ್ಷೆಯಲ್ಲಿಯೂ ಹತ್ತರ ಹೊತ್ತಿಗೆ ಚಲನೆ ಕುಗ್ಗಿದ್ದರೆ, ಅದೂ ಹಲವು ದಿನ ಹಾಗೆಯೇ ಇದ್ದರೆ, ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ. ತಿಂದದ್ದನ್ನೂ ಬರೆಯಿರಿ. ಪ್ರೋಟೀನ್ ಹೆಚ್ಚಿರುವ ಊಟದ ಜೊತೆ ಈ ಮಾತ್ರೆ ತೆಗೆದುಕೊಂಡರೆ ಅದು ಕೆಲವರಿಗೆ ಸರಿಯಾಗಿ ಹತ್ತುವುದಿಲ್ಲ. ಅವರೆಕಾಯಿ ಕಾಲದಲ್ಲಿ ಮೂರು ಹೊತ್ತೂ ಅವರೆಕಾಳು ಬೇಯುವ ನಮ್ಮ ಮೈಸೂರು, ಮಂಡ್ಯದ ಮನೆಗಳಲ್ಲಿ ಇದನ್ನು ಗಮನಿಸಲೇಬೇಕು. ಹಾಗೆಂದು ಕಾಳು ತಿನ್ನುವುದನ್ನೇ ನಿಲ್ಲಿಸಬೇಡಿ. ಮಾತ್ರೆಯ ವೇಳೆಯನ್ನು ವೈದ್ಯರು ಹೊಂದಿಸುತ್ತಾರೆ. ನೀವಾಗಿಯೇ ಮಾತ್ರೆ ಹೆಚ್ಚಿಸುವುದು, ನಿಲ್ಲಿಸುವುದು ಖಂಡಿತ ಬೇಡ. ಲೀವೊಡೋಪವನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ತಜ್ಞರ ಬಳಿ ಹೋಗುವಾಗ ಮೊಬೈಲ್ ಪರದೆಯನ್ನು ಅವರ ಮುಂದೆ ಸರಿಸುತ್ತಾ ಕೂರಬೇಡಿ. ಒಂದೇ ಹಾಳೆಯಲ್ಲಿ ಮಾತ್ರೆಯ ವೇಳೆ, ತೊಂದರೆಯ ವೇಳೆ, ಬಿದ್ದ ದಿನಗಳು, ನಿದ್ರೆಯಲ್ಲಿ ಕೂಗಾಡಿದ್ದು, ಕೈಕಾಲು ಬಡಿದದ್ದು ಇಷ್ಟನ್ನು ಬರೆದುಕೊಂಡು ಹೋಗಿ.

ಮರೆವಿನ ಕಾಯಿಲೆಯವರಿಗಾದರೆ ಜಿಪಿಎಸ್ ಮುಖ್ಯ. ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ, ಒಪ್ಪಿಸಿಯೇ ಕಟ್ಟಿ; ಹಿರಿಯರ ಮೇಲೆ ಗುಟ್ಟಾಗಿ ಕಣ್ಣಿಡುವುದು ತಪ್ಪು. ದಸರಾ ಜನಜಂಗುಳಿಗೆ ಕರೆದುಕೊಂಡು ಹೋಗುವಾಗ ಮನೆಯವರ ಫೋನ್ ಸಂಖ್ಯೆ ಬರೆದ ಚೀಟಿ ಅವರ ಜೇಬಿನಲ್ಲೂ ಇರಲಿ, ಬ್ಯಾಟರಿ ಯಾವಾಗ ಕೈಕೊಡುತ್ತದೋ ಹೇಳಲಾಗದು.