ಇಲಿ ಪಾಷಾಣ ತಿಂದ ನಾಯಿಗೆ ವಿಟಮಿನ್ ಕೆ ಕೊಡದೆ ಕಾದು ನೋಡಿದ್ದು: ನನ್ನ ಅನುಭವ

ರಕ್ತ ತೆಳು ಮಾಡೋ, ಅಂದ್ರೆ ಹೆಪ್ಪುಗಟ್ಟದ ಹಾಗೆ ಮಾಡೋ ಇಲಿ ಪಾಷಾಣದ ಪ್ಯಾಕೆಟ್ ಹರಿದು ತಿಂದು ಒಂದೆರಡು ಗಂಟೆ ಒಳಗೆ ಬಂದ ನಾಯಿಗೆ ವಾಂತಿ ಮಾಡಿಸ್ತೀನಿ, ವಿಷ ಹೀರ್ಕೊಳ್ಳೋ ಚಾರ್ಕೋಲ್ (ಇದ್ದಿಲ ಪುಡಿ) ಕುಡಿಸ್ತೀನಿ, ಆದ್ರೆ ಇದರ ಪ್ರತಿವಿಷವಾದ ವಿಟಮಿನ್ ಕೆ1 ಕೊಡಲ್ಲ, ತಿಂದ 48 ಗಂಟೆಗೆ ಒಂದ್ಸಲ, 72ಕ್ಕೆ ಇನ್ನೊಂದ್ಸಲ ಪಿಟಿ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಟೆಸ್ಟ್) ನೋಡಿ ಆಮೇಲೆ ತೀರ್ಮಾನ ಮಾಡ್ತೀನಿ ಅಂದಾಗ ನನ್ನ ಜೊತೆಗಿದ್ದ ವೆಟರ್ನರಿ ಡಾಕ್ಟರ್‌ಗಳು ಯಾರೂ ಒಪ್ಪಲಿಲ್ಲ. ಸೀನಿಯರ್ ಒಬ್ರಂತೂ "ಒಂದು ಸತ್ರೆ ಸಾಕು, ನಿನ್ನ ಹೆಸರು ಮುಗೀತು ಕಣಯ್ಯ" ಅಂತ ಮುಖಕ್ಕೇ ಹೇಳಿದ್ರು. ಈಗ ಮೂರ್ನಾಲ್ಕು ವರ್ಷ ಆಯ್ತು, ಈ ಥರ ಒಂದು 40 ಕೇಸ್ ಮಾಡಿರಬೇಕು, ಅದ್ರಲ್ಲಿ ಪಿಟಿ ಏರಿದ್ದು ನಾಲ್ಕೋ ಐದೋ ಅಷ್ಟೇ, ಅವಕ್ಕೆ ಅವತ್ತೇ ಶುರು ಮಾಡಿದೆ, ಒಂದಕ್ಕೂ ರಕ್ತಸ್ರಾವ ಆಗಲಿಲ್ಲ.

ಇಲ್ಲಿಗೆ ಬಂದಿದ್ದು ದುಡ್ಡಿನ ಸಮಸ್ಯೆಯಿಂದಾನೇ. ಮೊದ್ಲೆಲ್ಲಾ ಕಣ್ಣು ಮುಚ್ಚಿ ಎಲ್ರಿಗೂ 4 ವಾರದ ಕೆ1 ಕೋರ್ಸ್ ಬರೀತಿದ್ದೆ. ಲೆಕ್ಕ ಹಾಕಿ ನೋಡಿ, 30 ಕೆಜಿ ನಾಯಿ, ಕೆಜಿಗೆ ದಿನಕ್ಕೆ 5 ಎಂಜಿ, ಅಂದ್ರೆ 150 ಎಂಜಿ, 10 ಎಂಜಿ ಮಾತ್ರೆ ಆದ್ರೆ ದಿನಕ್ಕೆ 15, 28 ದಿನಕ್ಕೆ 420 ಮಾತ್ರೆ! ಕೆಜಿಗೆ 2.5 ಅಂತ ಇಳಿಸಿದ್ರೂ 210. ಯಾರು ಪೂರ್ತಿ ತಗೋತಾರೆ? ಹತ್ತು ದಿನ ಕೊಡ್ತಾರೆ, ನಾಯಿ ಆರಾಮಾಗಿ ಓಡಾಡ್ತಿರುತ್ತೆ, ನಿಲ್ಲಿಸಿಬಿಡ್ತಾರೆ, ನಮಗೆ ಹೇಳೋದೂ ಇಲ್ಲ. ಬೇಡದ ನಾಯಿಗೆ ಇಷ್ಟು ಸುರಿಸೋ ಬದ್ಲು ಎರಡು ಪಿಟಿಗೆ ಖರ್ಚು ಮಾಡಿಸಿ, ನಿಜವಾಗ್ಲೂ ಬೇಕಾದ ನಾಯಿಗೆ ಪೂರ್ತಿ ಕೋರ್ಸ್ ಕೊಡಿಸೋದು ಮೇಲು ಅಂತ ಅನ್ನಿಸ್ತು.

ಆದ್ರೆ ನಿಲ್ಲಿಸಿದ ತಪ್ಪು ಓನರ್‌ಗಳದ್ದು ಮಾತ್ರ ಅಲ್ಲ, ನಾನೂ ಮಾಡಿದೀನಿ. ಒಂದು ಬ್ರೊಡಿಫಾಕಮ್ (ಮೈಯಲ್ಲಿ ವಾರಗಟ್ಟಲೆ ಉಳಿಯೋ ಪಾಷಾಣ) ಕೇಸ್, ಬೇಗ ಇಳಿಯೋ ಹಳೇ ಪಾಷಾಣ ವಾರ್ಫರಿನ್ ಲೆಕ್ಕದಲ್ಲಿ ಯೋಚನೆ ಮಾಡಿ 14 ದಿನ ಸಾಕು ಅಂದೆ, ಪಿಟಿ ನೋಡದೇ ನಿಲ್ಲಿಸಿದೆ. ಐದನೇ ದಿನ ರಾತ್ರಿ ಎತ್ಕೊಂಡು ಬಂದ್ರು, ವಸಡು ಸುಣ್ಣದ ಥರ ಬಿಳಿ, ಉಸಿರು ಹೊಟ್ಟೆಯಿಂದ ಎಳೀತಿತ್ತು, ಎದೆ ತುಂಬ ರಕ್ತ. ಏರಿಸೋಕೆ ಪ್ಲಾಸ್ಮಾ (ಹೆಪ್ಪುಗಟ್ಟಿಸೋ ಅಂಶ ಇರೋ ರಕ್ತದ ದ್ರವ) ಹುಡುಕೋದ್ರಲ್ಲೇ ಎರಡು ಗಂಟೆ ಹೋಯ್ತು, ವಿಟಮಿನ್ ಕೆ ಹಾಕಿದ್ರೂ ಹೊಸ ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನ್) ತಯಾರಾಗೋಕೆ 6ರಿಂದ 12 ಗಂಟೆ ಬೇಕಲ್ಲ, ಅಷ್ಟು ಹೊತ್ತು ಅದಕ್ಕೆ ಇರಲಿಲ್ಲ. ಬೆಳಿಗ್ಗೆ ಹೊತ್ತಿಗೆ ಹೋಯ್ತು. ಆ ನಾಯಿ ಮುಖ ಇವತ್ತಿಗೂ ಮರೆತಿಲ್ಲ. ಅವತ್ತಿಂದ ಕೊನೇ ಡೋಸ್ ಆದ 48 ಗಂಟೆಗೆ ಪಿಟಿ ನೋಡದೆ ಯಾವ ಕೇಸನ್ನೂ ಬಿಟ್ಟಿಲ್ಲ, ಏರಿದ್ರೆ ಇನ್ನೆರಡು ವಾರ, ಮತ್ತೆ ಟೆಸ್ಟ್.

ಗುರುತು ಹಿಡಿಯೋದ್ರಲ್ಲೂ ಸೋತಿದೀನಿ. ಮೂಗಲ್ಲಿ ರಕ್ತ ಬಂದ್ರೆ ಎಲ್ರಿಗೂ ಗೊತ್ತಾಗುತ್ತೆ ಬಿಡಿ. ಮುಂಗಾಲು ಕುಂಟ್ಕೊಂಡು ಬಂದ ನಾಯಿಗೆ ಪೆಟ್ಟು ಅಂದ್ಕೊಂಡು ನೋವಿನ ಇಂಜೆಕ್ಷನ್ ಹಾಕಿದೀನಿ, ಅದು ಕೀಲಿನೊಳಗೆ ರಕ್ತ. ಮರುದಿನ ಇಂಜೆಕ್ಷನ್ ಚುಚ್ಚಿದ ಜಾಗದಲ್ಲಿ ನಿಂಬೆಹಣ್ಣಿನಷ್ಟು ನೀಲಿ ಗಂಟು ಬಂದಾಗಲೇ ಹೊಳೆದಿದ್ದು. ಕೆಮ್ಮು, ಸುಸ್ತು ಅಂತ ಬಂದಿದ್ದಕ್ಕೆ ನ್ಯುಮೋನಿಯಾ ಅಂತ ಆಂಟಿಬಯೋಟಿಕ್ ಕೊಟ್ಟೋರು ಎಷ್ಟು ಜನ ಇದಾರೋ. ತಿಂದು 3ರಿಂದ 5 ದಿನ ಆದ್ಮೇಲೆ ಲಕ್ಷಣ ಶುರು ಆಗೋದ್ರಿಂದ "ಏನಾದ್ರೂ ತಿಂತಾ" ಅಂದ್ರೆ ಇಲ್ಲ ಅಂತಾರೆ. ನಾನು ಈಗ ಹೋದ ವಾರದಲ್ಲಿ ಕಕ್ಕ ಹಸಿರೋ ನೀಲಿನೋ ಇತ್ತಾ ಅಂತ ಕೇಳ್ತೀನಿ, ಹೌದಲ್ವಾ ಅಂತ ಅವರಿಗೇ ನೆನಪಾಗುತ್ತೆ. ಬಣ್ಣ ನೋಡಿ ಯಾವ ಪಾಷಾಣ ಅಂತ ಹೇಳೋಕೆ ಹೋಗ್ಬೇಡಿ, ಒಂದೇ ಹಸಿರಲ್ಲಿ ಬೇರೆ ಬೇರೆ ಔಷಧಿ ಬರುತ್ತೆ, ಪ್ಯಾಕೆಟ್ ತರಿಸಿ ಓದ್ಲೇಬೇಕು.

ಪಿಟಿ ಮಷಿನ್ ಕೈಗೆ ಸಿಗದ ಕಾಲದಲ್ಲಿ ಒಂದು ಪ್ರಯೋಗ ಮಾಡಿದ್ದೆ. ಪ್ಲೇನ್ ಗಾಜಿನ ಟ್ಯೂಬ್ ಎರಡು, ಒಂದ್ರಲ್ಲಿ ರೋಗಿ ರಕ್ತ 2 ಎಂಎಲ್, ಇನ್ನೊಂದ್ರಲ್ಲಿ ಆರೋಗ್ಯವಾಗಿರೋ ನಾಯಿದು, ಎರಡನ್ನೂ ಮುಷ್ಟಿಲಿ ಬೆಚ್ಚಗೆ ಹಿಡ್ಕೊಂಡು ನಿಮಿಷಕ್ಕೊಂದ್ಸಲ ಓರೆ ಮಾಡಿ ನೋಡೋದು. ಒಳ್ಳೇದು ಒಂದು 8 ನಿಮಿಷಕ್ಕೆ ಗಟ್ಟಿ ಆಯ್ತು, ಇನ್ನೊಂದು ಅರ್ಧ ಗಂಟೆ ಆದ್ರೂ ನೀರು ನೀರಾಗೇ ಇತ್ತು. ರಕ್ತ ಸುರೀತಿರೋ ಕೇಸ್‌ಗೆ ಇದು ಚೆನ್ನಾಗಿ ಕೆಲಸ ಮಾಡುತ್ತೆ, ಆದ್ರೆ 48 ಗಂಟೆ ಸ್ಕ್ರೀನಿಂಗ್‌ಗೆ ನಂಬಬೇಡಿ, ಎಲ್ಲಕ್ಕಿಂತ ಮೊದ್ಲು ಕಡಿಮೆ ಆಗೋ ಫ್ಯಾಕ್ಟರ್ 7 ಒಂದೇ ಇಳಿದಾಗ ಟ್ಯೂಬ್‌ಗೆ ಗೊತ್ತಾಗಲ್ಲ, ಪಿಟಿಗೆ ಗೊತ್ತಾಗುತ್ತೆ. ಪಿಟಿಗೆ ರಕ್ತಾನೂ ಕುತ್ತಿಗೆ ನರದಿಂದ ತೆಗೀಬೇಡಿ, ಕಾಲಿಂದ ತೆಗೆದು ಚೆನ್ನಾಗಿ ಒತ್ತಿ ಹಿಡೀರಿ.

ಇನ್ನೊಂದು, ಕಾದು ನೋಡ್ತೀನಿ ಅಂದ್ಮೇಲೆ ಸಮಾಧಾನಕ್ಕೆ ಅಂತ ಒಂದು ಡೋಸ್ ಕೆ1 ಹಾಕಿ ಕಳಿಸ್ಬೇಡಿ. ಆಮೇಲೆ 48 ಗಂಟೆ ಪಿಟಿ ನಾರ್ಮಲ್ ಬಂದ್ರೆ ಅದು ನಾಯಿದಲ್ಲ, ನಿಮ್ಮ ಡೋಸ್‌ದು. ತಿಂದ ಟೈಮ್ ಗೊತ್ತಿಲ್ಲ, ಓನರ್ ವಾಪಸ್ ಬರೋ ನಂಬಿಕೆ ಇಲ್ಲ, ಈಗಾಗ್ಲೇ ಸುಸ್ತಾಗಿದೆ, ದಿನಾ ಸ್ವಲ್ಪ ಸ್ವಲ್ಪ ತಿಂದಿರ್ಬೋದು ಅನ್ನೋ ಅನುಮಾನ ಇದೆ, ಇಂಥ ಯಾವ್ದಕ್ಕೂ ನಾನು ಕಾಯಲ್ಲ, ಅವತ್ತೇ ಶುರು.

ಕೊಡೋ ಕೇಸ್‌ಗೆ ಕೊಬ್ಬಿರೋ ಊಟದ ಜೊತೆನೇ ಕೊಡಿ. ಖಾಲಿ ಹೊಟ್ಟೇಲಿ ಕೊಡ್ತಿದ್ದ ಒಂದು ನಾಯಿಗೆ ಪಿಟಿ ಇಳೀತಾನೇ ಇರಲಿಲ್ಲ, ಡೋಸ್ ಏರಿಸದೆ ಊಟದ ಜೊತೆ ಮಾಡಿದೆ ಅಷ್ಟೇ, ಎರಡು ದಿನಕ್ಕೆ ಸರಿ ಹೋಯ್ತು. ಮಾತ್ರೆ ಸಿಗ್ದೇ ಇದ್ರೆ ಇಂಜೆಕ್ಷನ್ ಆಂಪ್ಯೂಲ್‌ನೇ ಬಾಯಿಗೆ ಹಾಕಿದೀನಿ, ಕೆಲಸ ಮಾಡುತ್ತೆ, ಅದನ್ನ ನರಕ್ಕೆ ಮಾತ್ರ ಹಾಕ್ಬೇಡಿ, ಅಲರ್ಜಿ ಥರ ಕುಸಿದುಬಿಡುತ್ತೆ. ಕೆ3 (ವಿಟಮಿನ್ ಕೆದೇ ಇನ್ನೊಂದು ರೂಪ) ಅಗ್ಗ ಅಂತ ಕೊಟ್ಟೋರ ಕೇಸ್ ಎರಡು ನನ್ನ ಹತ್ರ ಬಂದಿದ್ವು, ಏನೂ ಉಪಯೋಗ ಆಗಿರಲಿಲ್ಲ. ಬೆಕ್ಕಿಗೆ ತಿಂಗಳಿಡೀ ಜಗಳ ಇಲ್ದೆ ನುಂಗಿಸೋಕೆ ನಂದೊಂದು ಉಪಾಯ ಇದೆ, ಅದನ್ನ ಇಲ್ಲಿ ಬರೆಯಲ್ಲ, ಬಂದು ನೋಡಿದ್ರೆ ತೋರಿಸ್ತೀನಿ.

ಇದೆಲ್ಲಾ ರಕ್ತ ತೆಳು ಮಾಡೋ ಪಾಷಾಣಕ್ಕೆ ಮಾತ್ರ. ಝಿಂಕ್ ಫಾಸ್ಫೈಡ್ ಅನ್ನೋ ಬೇರೆ ಥರದ ಇಲಿ ಪಾಷಾಣ ಆದ್ರೆ ಕಾಯೋ ಮಾತೇ ಇಲ್ಲ, ಹೊಟ್ಟೆ ಆಸಿಡ್‌ಗೆ ಫಾಸ್ಫೀನ್ ಗ್ಯಾಸ್ ಏಳುತ್ತೆ, ಊಟ ಕೊಟ್ರೆ ಇನ್ನೂ ಜಾಸ್ತಿ. ಒಂದ್ಸಲ ಬಾಗಿಲು ಹಾಕಿದ ರೂಮಲ್ಲಿ ವಾಂತಿ ಮಾಡಿಸಿದೆ, ಕೊಳೆತ ಮೀನಿನ ವಾಸನೆ, ನನ್ನ ಅಸಿಸ್ಟೆಂಟ್‌ಗೆ ಅರ್ಧ ದಿನ ತಲೆಸುತ್ತು. ಈಗ ಮೊದ್ಲು ಆಂಟಾಸಿಡ್, ಆಮೇಲೆ ಬಯಲಲ್ಲಿ ವಾಂತಿ, ಗಾಳಿ ಬರೋ ಕಡೆ ನಾವು. ಕೊಲೆಕ್ಯಾಲ್ಸಿಫೆರಾಲ್ (ವಿಟಮಿನ್ ಡಿ3 ಇರೋ ಪಾಷಾಣ) ಆದ್ರೆ ಪಿಟಿ ಅಲ್ಲ, ಕ್ಯಾಲ್ಸಿಯಂ, ಫಾಸ್ಫರಸ್, ಕಿಡ್ನಿ ದಿನಾ ನೋಡ್ಬೇಕು. ಮಿದುಳಿಗೆ ಹೊಡೆಯೋ ಪಾಷಾಣ ಬ್ರೊಮೆಥಲಿನ್‌ಗಂತೂ ಪ್ರತಿವಿಷವೇ ಇಲ್ಲ, ಮಿದುಳು ಊದಿಕೊಳ್ಳೋ ಮುಂಚೆ ಹೊಟ್ಟೆ ಖಾಲಿ ಮಾಡಿಸಿದ್ರೆ ಉಂಟು.

ಮೊನ್ನೆ ಆ ಸೀನಿಯರ್ ಫೋನ್ ಮಾಡಿದ್ರು, ಅವರ ಹತ್ರ ಬಂದ ಒಂದು ನಾಯಿ, ಬ್ರೊಮಾಡಿಯೊಲೋನ್ (ಇದೂ ರಕ್ತ ತೆಳು ಮಾಡೋ ಪಾಷಾಣವೇ) ತಿಂದು ಒಂದು ಗಂಟೆ ಆಗಿತ್ತು, ವಾಂತಿಲಿ ಹಸಿರು ತುಂಡು ಎಲ್ಲಾ ಬಂದಿತ್ತಂತೆ. "48ಕ್ಕೆ ನಾರ್ಮಲ್ ಬಂದಿದೆ, 72ಕ್ಕೂ ತೆಗೀಲೇಬೇಕಾ" ಅಂದ್ರು. ತೆಗೀಲೇಬೇಕು ಸಾರ್ ಅಂದೆ. ತೆಗೆದ್ರು, ಅದೂ ನಾರ್ಮಲ್.