ಟೆರೇಸಿನ ನೀರಿನ ಟ್ಯಾಂಕ್: ರಿಪೇರಿ ಸಾಕೋ, ಬದಲಿಸಲೇಬೇಕೋ?

ಟ್ಯಾಂಕಿಗೆ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕುವ ಮೊದಲು ನೀರು ಎಲ್ಲಿಂದ ಹೋಗುತ್ತಿದೆ ಎಂದು ಪತ್ತೆ ಮಾಡಿ. ರಾತ್ರಿ ಟ್ಯಾಂಕ್ ತುಂಬಿಸಿ, ಒಳಬರುವ ಮತ್ತು ಹೊರಹೋಗುವ ಎರಡೂ ವಾಲ್ವ್ ಬಂದ್ ಮಾಡಿ. ಒಂದು ಕೋಲನ್ನು ತಳಕ್ಕೆ ಮುಟ್ಟಿಸಿ, ಒದ್ದೆಯಾದಲ್ಲಿಗೆ ಗೀಟು ಹಾಕಿ. ಬೆಳಿಗ್ಗೆ ನೀರು ಅದೇ ಗೀಟಿನಲ್ಲಿದ್ದರೆ ಟ್ಯಾಂಕ್ ಸರಿಯಿದೆ, ಸೋರಿಕೆ ಮನೆಯೊಳಗಿನ ಪೈಪಿನಲ್ಲೋ ಫ್ಲಶ್‌ನಲ್ಲೋ ಇದೆ. 110 ಸೆಂ.ಮೀ. ಅಗಲದ ದುಂಡು ಟ್ಯಾಂಕಿನಲ್ಲಿ 1 ಸೆಂ.ಮೀ. ಇಳಿದರೆ ಸುಮಾರು 9.5 ಲೀಟರ್ ಹೋಯಿತೆಂದು ಅರ್ಥ. ವಾಲ್ವ್ ಬಂದ್ ಮಾಡಿದ ಮೇಲೂ ಕೆಳಗಿನ ನಲ್ಲಿ ತೊಟ್ಟಿಕ್ಕುತ್ತಲೇ ಇದ್ದರೆ ವಾಲ್ವೇ ಕೆಟ್ಟಿದೆ. ಅದನ್ನು ಬದಲಿಸಿ ಮತ್ತೆ ನೋಡಿ.

ನಿಪ್ಪಲ್ (ಟ್ಯಾಂಕಿನ ತೂತಿಗೆ ಪೈಪ್ ಜೋಡಿಸುವ ತುಂಡು) ಸುತ್ತ ಮಾತ್ರ ಒದ್ದೆಯಿದ್ದರೆ ಹೊಸ ಟ್ಯಾಂಕ್ ಬೇಡ. ರಬ್ಬರ್ ವಾಷರ್ ಬದಲಿಸಿ, ಪೈಪಿಗೆ ಗೋಡೆಯಲ್ಲಿ ಕ್ಲ್ಯಾಂಪ್ ಕೊಡಿ. ನೇತಾಡುವ ಪೈಪಿನ ಭಾರವೇ ತೂತನ್ನು ಎಳೆದು ಅಗಲ ಮಾಡುವುದು. ಆ ತೂತಿನಿಂದ ಬಿರುಕು ಹೊರಟಿದ್ದರೆ ಮಾತ್ರ ಟ್ಯಾಂಕಿನ ಆಯುಸ್ಸು ಮುಗಿಯಿತು.

ಬಿರುಕಿಗೆ ಎಂ-ಸೀಲ್ ಎಂಬ ಅಂಟು ಮೇಣ ಹಚ್ಚುವವರು ಬಹಳ ಮಂದಿ. ಪ್ಲಾಸ್ಟಿಕ್ ಟ್ಯಾಂಕಿನ ಪಾಲಿಎಥಿಲೀನ್‌ಗೆ ಅದು ಸರಿಯಾಗಿ ಅಂಟುವುದಿಲ್ಲ. ಪ್ಲಾಸ್ಟಿಕ್ ವೆಲ್ಡಿಂಗ್ ಸ್ವಲ್ಪ ಕಾಲ ನಿಲ್ಲುತ್ತದೆ, ಆದರೆ ಬಿಸಿಲಿಗೆ ಪೆಡಸಾದ ಗೋಡೆ ಅದರ ಪಕ್ಕದಲ್ಲೇ ಮತ್ತೆ ಸೀಳುತ್ತದೆ. 1000 ಲೀಟರ್ ನೀರೆಂದರೆ ಒಂದು ಟನ್ ಭಾರ, ಒತ್ತಡ ಬುಡದಲ್ಲೇ ಹೆಚ್ಚು. ಹಾಗಾಗಿ ಕೆಳಗಿನ ಅರ್ಧದಲ್ಲಿ ಬಿರುಕು ಕಂಡರೆ ಕಾಯಬೇಡಿ. ಮುಚ್ಚಳ ಮಾತ್ರ ಒಡೆದಿದ್ದರೆ ಮುಚ್ಚಳ ತಂದರಾಯಿತು.

ಬಿಸಿಲು ಬೀಳುವ ಬದಿಯನ್ನು ಅಂಗೈಯಿಂದ ಉಜ್ಜಿ. ಬರೇ ಪುಡಿ ಬಂದರೆ ಗಾಬರಿ ಬೇಡ, ಪುಡಿಯ ಜೊತೆ ಕೂದಲೆಳೆಯಂಥ ಗೆರೆಗಳಿದ್ದರೆ ಬದಲಿಸುವ ಕಾಲ ಬಂದಿದೆ. ತೊಳೆದರೂ ಪಾಚಿ ಮತ್ತೆ ಮತ್ತೆ ಕಟ್ಟುತ್ತಿದೆಯೇ? ಖಾಲಿ ಟ್ಯಾಂಕಿನೊಳಗೆ ರಾತ್ರಿ ಟಾರ್ಚ್ ಉರಿಸಿಟ್ಟು ಮುಚ್ಚಳ ಹಾಕಿ. ಹೊರಗಿನಿಂದ ಟ್ಯಾಂಕಿನ ಗೋಡೆ ಬೆಳಗಿದಂತೆ ಕಂಡರೆ ಹಗಲು ಬಿಸಿಲೂ ಒಳಗೆ ಹೋಗುತ್ತಿದೆ, ಪಾಚಿಗೆ ಅದೇ ಕಾರಣ. ತಳದ ಕೆಂಪು ಕೆಸರು ಬೇರೆ ವಿಷಯ: ನಮ್ಮ ಕರಾವಳಿಯ ಮುರಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣದ ಅಂಶ ಇರುವುದುಂಟು, ಟ್ಯಾಂಕ್ ಬದಲಿಸಿದರೆ ಅದು ಹೋಗದು.

ಸಿಮೆಂಟ್ ಟ್ಯಾಂಕಾದರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು, ತುಕ್ಕಿನ ಕಲೆ, ಹೊರಬಿದ್ದ ಸರಳು ಕಂಡರೆ ಒಳಗೆ ಲೇಪ ಹಚ್ಚಿ ಪ್ರಯೋಜನವಿಲ್ಲ, ಇಂಜಿನಿಯರ್‌ಗೆ ತೋರಿಸಿ.

ಮಲ್ಪೆ, ಉಳ್ಳಾಲದಂಥ ಕಡಲ ಬದಿಯಲ್ಲಿ ಉಪ್ಪು ಗಾಳಿಗೆ ಕಬ್ಬಿಣದ ಸ್ಟ್ಯಾಂಡ್ ಟ್ಯಾಂಕಿಗಿಂತ ಮೊದಲೇ ಹೋಗಬಹುದು. ಪಟ್ಟಿಗಳ ನಡುವೆ ಸಂದು ಬಿಟ್ಟ ಸ್ಟ್ಯಾಂಡಿನಲ್ಲಿ ತಳ ಜೋತು ಸೀಳುತ್ತದೆ. ಹೊಸದನ್ನು ಇಡುವಾಗ ಇಡೀ ತಳಕ್ಕೆ ಆಸರೆಯಾಗುವ ಸಮತಟ್ಟು ಹಲಗೆ ಇರಲಿ, ಟ್ಯಾಂಕಿನ ಮೇಲೆ ಐಎಸ್ 12701 (ಪ್ಲಾಸ್ಟಿಕ್ ನೀರಿನ ಟ್ಯಾಂಕಿನ ಭಾರತೀಯ ಮಾನದಂಡ) ಗುರುತಿರಲಿ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಈ ಕೆಲಸ ಮುಗಿಸಿ. ಮಳೆಗಾಲದಲ್ಲಿ ಟೆರೇಸ್ ಜಾರುತ್ತದೆ, ಏಪ್ರಿಲ್-ಮೇಯಲ್ಲಿ ಮಂಗಳೂರು, ಉಡುಪಿಗೆ ನೀರು ಕೊಡುವ ತುಂಬೆ, ಬಜೆ ಅಣೆಕಟ್ಟುಗಳ ನೀರು ಇಳಿದರೆ ತುಂಬಿಸಿ ನೋಡಲಿಕ್ಕೇ ನೀರು ಸಿಗದು. ಮೊದಲ ನೀರಿನಲ್ಲಿ ತೊಳೆದು ಚೆಲ್ಲಿ, ಅರ್ಧ ತುಂಬಿಸಿ ನಿಪ್ಪಲ್ ನೋಡಿ, ಆಮೇಲೆ ಪೂರ್ತಿ ತುಂಬಿಸಿ ರಾತ್ರಿಯಿಡೀ ಬಿಡಿ.